ಮಾತ್ರೆಯ ಮೇಲೆ ಮಾತ್ರೆ: ಚಾರ್ಟನ್ನು ತಾರೀಕಿನ ಪ್ರಕಾರ ಓದಿ

ವಯಸ್ಸಾದವರ ವಾರ್ಡಿನಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಆಗಿರುವ ನನಗೆ ದಿನವಿಡೀ ಮೆಡಿಸಿನ್ ಚಾರ್ಟ್ ನೋಡುವುದೇ ಕೆಲಸ. ಯಾವ ಮಾತ್ರೆ ನಡೀತಿದೆ ಅನ್ನುವುದಕ್ಕಿಂತ ಯಾವುದರ ಹಿಂದೆ ಯಾವುದು ಬಂತು ಅಂತ ನೋಡಿದರೆ ಎಷ್ಟೋ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಎಂಬತ್ತು ದಾಟಿದ ಒಬ್ಬ ಅಜ್ಜಿಯ ಚಾರ್ಟ್ ಹೀಗಿತ್ತು. ಮೊದಲು ವಾಕರಿಕೆಗೆ ಮೆಟೊಕ್ಲೋಪ್ರಮೈಡ್. ವಾಕರಿಕೆ ಹೋದರೂ ಮಾತ್ರೆ ನಿಂತಿರಲಿಲ್ಲ. ಆಮೇಲೆ ಕೈ ನಡುಕ, ಮೈ ಬಿಗಿತ. ಅದಕ್ಕೆ ಟ್ರೈಹೆಕ್ಸಿಫೆನಿಡಿಲ್. ಅದರ ಬೆನ್ನಿಗೇ ಮೂತ್ರ ಕಟ್ಟಿತು, ರಾತ್ರಿ ಹೊತ್ತು ಮಗಳನ್ನೇ "ಯಾರಮ್ಮ ನೀನು?" ಅಂತ ಕೇಳತೊಡಗಿದರು. ಈಗ ಮರೆವಿಗೆ ಡೊನೆಪೆಜಿಲ್ ಶುರು ಮಾಡೋಣವೇ ಅನ್ನುವ ಚರ್ಚೆ.

ಮಿದುಳಿನಲ್ಲಿ ಚಲನೆ ನೋಡಿಕೊಳ್ಳುವ ಸ್ಟ್ರಯೇಟಮ್ ಎಂಬ ಭಾಗದಲ್ಲಿ ಅಸಿಟೈಲ್‌ಕೋಲಿನ್‌ಗೆ ಲಗಾಮು ಹಾಕುವುದು ಡೋಪಮಿನ್; ಎರಡೂ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕಗಳು. ವಯಸ್ಸಾದಂತೆ ಡೋಪಮಿನ್‌ನ ಸಂದೇಶ ಹಿಡಿಯುವ ಡಿ2 ಗ್ರಾಹಕಗಳು ಕಡಿಮೆಯಾಗುತ್ತಾ ಹೋಗುತ್ತವೆ. ಉಳಿದವನ್ನೂ ಮೆಟೊಕ್ಲೋಪ್ರಮೈಡ್ ಮುಚ್ಚಿದರೆ ಅಸಿಟೈಲ್‌ಕೋಲಿನ್ ಕೈ ಮೇಲಾಗಿ ನಡುಕ, ಬಿಗಿತ ಕಾಣಿಸಿಕೊಳ್ಳುತ್ತವೆ. ಹರೆಯದವರಲ್ಲಿ ಇಂಥ ನಡುಕ ಕಡಿಮೆ. ಟ್ರೈಹೆಕ್ಸಿಫೆನಿಡಿಲ್ ಆ ಅಸಿಟೈಲ್‌ಕೋಲಿನ್‌ನ ಗ್ರಾಹಕಗಳನ್ನು ತಡೆಯುತ್ತದೆ, ನಡುಕ ತಗ್ಗಬಹುದು. ಆದರೆ ಅದು ಸ್ಟ್ರಯೇಟಮ್ ಒಂದಕ್ಕೇ ಹೋಗಿ ನಿಲ್ಲುವುದಿಲ್ಲವಲ್ಲ! ನೆನಪು, ಗಮನಕ್ಕೆ ಬೇಕಾದ ಕಾರ್ಟೆಕ್ಸ್, ಹಿಪೊಕ್ಯಾಂಪಸ್‌ಗಳಲ್ಲಿ ಇದೇ ಅಸಿಟೈಲ್‌ಕೋಲಿನ್ ವಯಸ್ಸಿನಿಂದಾಗಿ ಆಗಲೇ ಸೊರಗಿರುತ್ತದೆ. ಒಂದೇ ಮಿದುಳಿನಲ್ಲಿ ಇಲ್ಲಿ ಹೆಚ್ಚು, ಅಲ್ಲಿ ಕೊರತೆ. ಮೂತ್ರಕೋಶ ಸಂಕುಚಿಸುವುದಕ್ಕೂ ಅದೇ ಬೇಕು.

ಡೊನೆಪೆಜಿಲ್ ಅಸಿಟೈಲ್‌ಕೋಲಿನ್ ಒಡೆಯದಂತೆ ನೋಡಿಕೊಂಡು ಅದನ್ನು ಹೆಚ್ಚಿಸುತ್ತದೆ. ಟ್ರೈಹೆಕ್ಸಿಫೆನಿಡಿಲ್ ಜೊತೆಗೆ ಅದನ್ನೂ ಕೊಡುವುದೆಂದರೆ ನಲ್ಲಿ ಪೂರ್ತಿ ತಿರುಗಿಸಿ ಪೈಪ್ ಮಡಚಿ ಹಿಡಿದ ಹಾಗೆ. ಬಿಡಿಯಾಗಿ ನೋಡಿದರೆ ಮೂರೂ ಸಲಹೆಗಳಿಗೆ ಕಾರಣವಿತ್ತು ಅನ್ನಿ. ರೌಂಡ್ಸ್‌ನಲ್ಲಿ ತಾರೀಕುಗಳನ್ನು ತೋರಿಸಿದಾಗ ಡಾಕ್ಟರ್ ಮೆಟೊಕ್ಲೋಪ್ರಮೈಡ್ ನಿಲ್ಲಿಸಿದರು, ಟ್ರೈಹೆಕ್ಸಿಫೆನಿಡಿಲ್ ಹಂತಹಂತವಾಗಿ ಇಳಿಸಿದರು. ಗೊಂದಲ ಮೊದಲು ಹೋಯಿತು. ಬಿಗಿತ ಸಡಿಲಾಗಲು ವಾರಗಳೇ ಹಿಡಿದವು.

ಗಾಬಾ ಎಂಬ ಇನ್ನೊಂದು ಮಿದುಳಿನ ರಾಸಾಯನಿಕದ ಕಥೆ ಬೇರೆ ಬಗೆ. ಡಯಾಜೆಪಾಮ್‌ನಂಥ ನಿದ್ದೆ ಮಾತ್ರೆಗಳು ಗಾಬಾದ ಶಾಂತಗೊಳಿಸುವ ಕೆಲಸಕ್ಕೆ ಬಲ ಕೊಡುತ್ತವೆ. ವಯಸ್ಸಾದ ಮಿದುಳು ಅವಕ್ಕೆ ಹೆಚ್ಚು ಬಗ್ಗುತ್ತದೆ, ದೇಹದಿಂದ ಹೊರಹೋಗುವುದೂ ತಡ. ಹಾಗಾಗಿ ಬೆಳಿಗ್ಗೆ ಎದ್ದಾಗ ಬೀಳುವ ಭಯ. ವೃದ್ಧರಿಗೆ ಯಾವ ಔಷಧ ಆದಷ್ಟು ಬೇಡ ಎಂದು ಹೇಳುವ, 1991ರಲ್ಲಿ ಮೊದಲು ಬಂದ ಬಿಯರ್ಸ್ ಪಟ್ಟಿಯ ಈಗಿನ ಆವೃತ್ತಿಯಲ್ಲಿ ನಾನು ಹೇಳಿದ ಈ ಬಗೆಯ ಔಷಧಗಳೆಲ್ಲ ಸಿಗುತ್ತವೆ.

ಈಗ ಮನೆಯವರು ಬಂದರೆ ಚೀಟಿ ಒಂದೇ ಸಾಲದು, ಇರುವ ಸ್ಟ್ರಿಪ್ಪೆಲ್ಲ ತನ್ನಿ ಅನ್ನುತ್ತೇನೆ. ನೆಗಡಿಗೆ ತಾವೇ ಕೊಂಡ ಕ್ಲೋರ್‌ಫೆನಿರಮಿನ್ ಇರುವ ಮಾತ್ರೆಯನ್ನು "ಅದೇನ್ ಮೇಡಂ, ಬರೀ ನೆಗಡಿದು" ಅಂತ ಹೇಳದೆ ಬಿಡುತ್ತಾರೆ. ಅದೂ ಅಸಿಟೈಲ್‌ಕೋಲಿನ್‌ಗೆ ಅಡ್ಡಗಾಲೇ. ಹಾಗಂತ ಇದನ್ನು ಓದಿ ಮನೆಯಲ್ಲೇ ಮಾತ್ರೆ ನಿಲ್ಲಿಸಬೇಡಿ: ಟ್ರೈಹೆಕ್ಸಿಫೆನಿಡಿಲ್ ಆಗಲಿ, ಡಯಾಜೆಪಾಮ್ ಆಗಲಿ ತಟ್ಟನೆ ಬಿಟ್ಟರೆ ಬೇರೆಯದೇ ತೊಂದರೆ. ಡಾಕ್ಟರ್ ಹೇಳಿದ ಹಾಗೆ ಇಳಿಸಿ.