ಹೆಡರ್‌ನ ತುದಿಯ ಮೂರಕ್ಷರ

ಗೆಳೆಯರೊಬ್ಬರ ಛಾಯಾಚಿತ್ರಗಳ ಜಾಲತಾಣಕ್ಕೆ ಇಂದು ಸಿಡಿಎನ್ ಜೋಡಿಸಿದೆ, ಅಂದರೆ ತಾಣದ ಕಡತಗಳ ಪ್ರತಿಗಳನ್ನು ಓದುಗರ ಹತ್ತಿರದ ಊರುಗಳಲ್ಲಿ ಇಟ್ಟು ಕಳುಹಿಸುವ ಸರ್ವರ್‌ಗಳ ಜಾಲ.

ತಾಣದ ವಿಳಾಸ ಕೇಳಿದವರಿಗೆ ದಾರಿ ತೋರಿಸುವ ನೇಮ್‌ಸರ್ವರ್ ಬದಲಿಸುವ ಕೆಲಸದಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಆದರೆ ಚಿತ್ರವೊಂದರ ರೆಸ್ಪಾನ್ಸ್ ಹೆಡರ್ (ಸರ್ವರ್‌ನ ಉತ್ತರದ ಜೊತೆ ಬರುವ ವಿವರಗಳು) ತೆರೆದು ನೋಡಿದಾಗ, ಈ ಸಿಡಿಎನ್ ಒದಗಿಸುವ ಕ್ಲೌಡ್‌ಫ್ಲೇರ್ ಸಂಸ್ಥೆ ಪ್ರತಿ ಉತ್ತರಕ್ಕೂ ಅಂಟಿಸುವ ಸಿಎಫ್-ರೇ ಗುರುತಿನ ಕೊನೆಯಲ್ಲಿ ‘ಬಿಎಲ್‌ಆರ್’ ಎಂದಿತ್ತು. ಅದು ಬೆಂಗಳೂರು ವಿಮಾನ ನಿಲ್ದಾಣದ ಸಂಕೇತ. ಯಾವ ಊರಿನ ದತ್ತಾಂಶ ಕೇಂದ್ರ ಉತ್ತರಿಸಿತೆಂಬುದನ್ನು ಅವರು ಹೀಗೆ ಸೂಚಿಸುತ್ತಾರೆ.

ತಾಣದ ಮೂಲ ಸರ್ವರ್ ಇರುವುದು ಅಮೆರಿಕದ ವರ್ಜೀನಿಯಾದಲ್ಲಿ. ದತ್ತಾಂಶವನ್ನು ಹೊತ್ತೊಯ್ಯುವ ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಮಾತ್ರ ಸಾಗುವುದರಿಂದ, ಎಷ್ಟೇ ಹಣ ಸುರಿದರೂ ಇಲ್ಲಿಂದ ಅಲ್ಲಿಗೆ ಹೋಗಿಬರಲು 100 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕೇ ಬೇಕು. ದೂರವನ್ನು ಕುಗ್ಗಿಸಲಾಗದಿದ್ದರೆ ಪ್ರತಿಯನ್ನೇ ಓದುಗರ ಹತ್ತಿರ ತಂದಿಡೋಣ ಎಂಬ ಉಪಾಯವನ್ನು ಉದ್ಯಮವಾಗಿ ಬೆಳೆಸಿದವರಲ್ಲಿ, 1998ರಲ್ಲಿ ಅಕಾಮೈ ಸಂಸ್ಥೆ ಕಟ್ಟಿದ ಎಂಐಟಿಯ ಗಣಿತಜ್ಞ ಟಾಮ್ ಲೇಟನ್ ಮತ್ತು ಅವರ ವಿದ್ಯಾರ್ಥಿ ಡೇನಿಯಲ್ ಲೆವಿನ್ ಪ್ರಮುಖರು. ಲೆವಿನ್ 2001ರ ಸೆಪ್ಟೆಂಬರ್ 11ರಂದು ಅಪಹೃತ ವಿಮಾನದಲ್ಲಿದ್ದರು. ಆಗ ಅವರಿಗೆ 31 ವರ್ಷ. ಚಿತ್ರವೊಂದು ತಟ್ಟನೆ ತೆರೆದುಕೊಂಡಾಗ ಇಂಥವರನ್ನು ನೆನೆಯುವವರು ಕಡಿಮೆ.

ಅದೇ ಹೆಡರ್‌ನಲ್ಲಿ ಮೊದಲ ಬಾರಿ ‘ಮಿಸ್’ (ಹತ್ತಿರದಲ್ಲಿ ಪ್ರತಿ ಇಲ್ಲ) ಎಂದಿದ್ದ ಕ್ಯಾಶ್ ಸ್ಥಿತಿ, ಪುಟವನ್ನು ಮತ್ತೆ ತೆರೆದಾಗ ‘ಹಿಟ್’ (ಪ್ರತಿ ಸಿಕ್ಕಿತು) ಆಯಿತು.

ಪುಟದ ಬರಹವಿರುವ ಎಚ್‌ಟಿಎಂಎಲ್ ಮಾತ್ರ ಇನ್ನೂ ವರ್ಜೀನಿಯಾದಿಂದಲೇ ಬರುತ್ತಿದೆ, ಏಕೆಂದರೆ ಚಿತ್ರ, ಪುಟದ ವಿನ್ಯಾಸದ ಸಿಎಸ್‌ಎಸ್‌ನಂತಹ ಕಡತಗಳನ್ನು ತಾನಾಗಿ ಸಂಗ್ರಹಿಸುವ ಕ್ಲೌಡ್‌ಫ್ಲೇರ್, ಎಚ್‌ಟಿಎಂಎಲ್‌ಗೆ ಪ್ರತ್ಯೇಕ ನಿಯಮ ಕೇಳುತ್ತದೆ. ಗೆಳೆಯರು ಚಿತ್ರಗಳ ಅಡಿಬರಹವನ್ನು ದಿನವಿಡೀ ತಿದ್ದುವ ಸ್ವಭಾವದವರಾದ್ದರಿಂದ, ಓದುಗರಿಗೆ ಹಳೆಯ ಪ್ರತಿ ಸಿಗದಿರಲೆಂದು ಆ ನಿಯಮವನ್ನು ಸದ್ಯಕ್ಕೆ ಬರೆದಿಲ್ಲ.