ತಾಮ್ರದ ಪಾಟು, ಹತ್ತು ಕೆಜಿ ಡ್ರೈ ಐಸು

ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಪ್ರೊಸೆಸರ್, ಎಎಂಡಿ ಎಫ್ಎಕ್ಸ್ 8350 ಒಂದು ಸಿಕ್ಕಿದ ದಿನವೇ ತಲೇಲಿ ಹುಳ ಹೊಕ್ಕಿತ್ತು: ಇದನ್ನ ಓವರ್‌ಕ್ಲಾಕ್ ಮಾಡ್ಬೇಕು, ಅಂದ್ರೆ ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಓಡಿಸ್ಬೇಕು. ಜೋರಾಗಿ ಓಡಿದಷ್ಟೂ ಬಿಸಿಯಾಗತ್ತೆ, ಅದಕ್ಕೆ ತಣ್ಣಗಿಡ್ಬೇಕು. 2012ರ ಚಿಪ್ಪು, ಕಂಪನಿ ಕೊಟ್ಟಿರೋ ಸ್ಪೀಡು 4 ಗಿಗಾಹರ್ಟ್ಸ್. ಇದರ ಅಣ್ಣ 8150ಗೆ 2011ರಲ್ಲೇ ಲಿಕ್ವಿಡ್ ಹೀಲಿಯಂ ಸುರಿದು 8.429 ಗಿಗಾಹರ್ಟ್ಸ್‌ವರೆಗೂ ಓಡಿಸಿದ್ರು. ನಮಗೆ ಹೀಲಿಯಂ ಎಲ್ಲಿಂದ ಬರ್ಬೇಕು, ಡ್ರೈ ಐಸ್ (ಗಟ್ಟಿಯಾದ ಕಾರ್ಬನ್ ಡೈಆಕ್ಸೈಡು) ಆದ್ರೆ ಬೆಂಗಳೂರಲ್ಲೇ ಸಿಗತ್ತೆ, ಮೈನಸ್ 78 ಡಿಗ್ರಿ, 6 ಗಿಗಾಹರ್ಟ್ಸ್ ಆದ್ರೂ ಮುಟ್ಟಿಸ್ಬೇಕು ಅಂತ ಹಟ ಹಿಡಿದೆ.

ಮೊದ್ಲು ಬೇಕಿದ್ದು ಪಾಟು, ಅಂದ್ರೆ ಪ್ರೊಸೆಸರ್ ಮೇಲೆ ಕೂರೋ ತಾಮ್ರದ ಲೋಟ. ಪೀಣ್ಯದ ಒಂದು ಲೇತ್ ಶಾಪಿಗೆ 60 ಎಂಎಂ ವ್ಯಾಸದ ದುಂಡನೆ ತಾಮ್ರದ ತುಂಡು ಹೊತ್ಕೊಂಡು ಹೋದೆ, ಎತ್ತರ 4 ಸೆಂಟಿಮೀಟರ್ ಅಷ್ಟೇ, ತೂಕ ಮಾತ್ರ ಒಂದು ಕೆಜಿ. ತಾಮ್ರ ಮೆತ್ತಗಿರೋದ್ರಿಂದ ಟೂಲಿಗೆ ಮೆತ್ಕೊಳ್ಳತ್ತೆ, ಲೇತ್ ಅಣ್ಣ ಆಯಿಲ್ ಬಿಡ್ತಾ ಬಿಡ್ತಾ ನೂಲಿನಷ್ಟು ತೆಳ್ಳಗೆ ತೆಗೀತಿದ್ರು, ಕೆಂಪು ಸುರುಳಿಗಳು ಕಾಲ ಹತ್ರ ರಾಶಿ ಬಿದ್ದಿದ್ವು. "ಏನ್ ಸಾರ್ ಇದು, ಪೂಜೆ ಸಾಮಾನಾ?" ಅಂದ್ರು. ಕಂಪ್ಯೂಟರಿಗೆ ಅಣ್ಣ, ಅಂದೆ. ಮೇಲ್ಗಡೆ ಹನ್ನೆರಡು ತೂತು ಹಾಕಿಸಿದೆ, ಚಳಿ ತಾಮ್ರಕ್ಕೆ ಇಳಿಯೋಕೆ ಜಾಗ ಜಾಸ್ತಿ ಆಗ್ಲಿ ಅಂತ. ಅದರ ಮೇಲೆ ತಾಮ್ರದ ಪೈಪನ್ನ ನಮ್ಮ ಏರಿಯಾದ ಫ್ರಿಜ್ ಮೆಕ್ಯಾನಿಕ್ ಗ್ಯಾಸ್ ವೆಲ್ಡಿಂಗ್ ಮಾಡಿ ಕೂರಿಸಿಕೊಟ್ರು.

ಚಳಿಗಿಂತ ದೊಡ್ಡ ಶತ್ರು ನೀರು. ಗಾಳೀಲಿರೋ ತೇವ ತಣ್ಣಗಿರೋ ಜಾಗದಲ್ಲೆಲ್ಲ ಹನಿಗಟ್ಟತ್ತೆ, ಬೋರ್ಡ್ ಸುಟ್ಟೋಗತ್ತೆ. ಅದಕ್ಕೇ ಮಳೆಗಾಲ ಬಿಟ್ಟು ಫೆಬ್ರವರಿವರೆಗೂ ಕಾದೆ. ಸಾಕೆಟ್ (ಬೋರ್ಡಲ್ಲಿ ಪ್ರೊಸೆಸರ್ ಕೂರೋ ಜಾಗ) ಸುತ್ತ ವ್ಯಾಸ್ಲೀನ್ ಮೆತ್ತಿ, ಎಸಿ ಪೈಪಿಗೆ ಸುತ್ತೋ ಕಪ್ಪು ಫೋಮನ್ನ ಕತ್ತರಿಸಿ ಕೂರಿಸಿದೆ.

ಭಾನುವಾರ ಬೆಳಿಗ್ಗೆ 10 ಕೆಜಿ ಡ್ರೈ ಐಸ್ ತಂದ್ವಿ. ಕಿಟಕಿ ಬಾಗಿಲೆಲ್ಲ ತೆಗೆದಿಟ್ವಿ, ಒಂದು ಕೆಜಿ ಆವಿಯಾದ್ರೆ 500 ಲೀಟರಿಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡು, ಮುಚ್ಚಿದ ರೂಮಲ್ಲಿ ಉಸಿರು ಕಟ್ಟತ್ತೆ. ಟವೆಲಲ್ಲಿ ಸುತ್ತಿ ಸುತ್ತಿಗೇಲಿ ಪುಡಿ ಮಾಡಿ, ದಪ್ಪ ಗ್ಲೌಸ್ ಹಾಕ್ಕೊಂಡು ಪಾಟಿಗೆ ಹಾಕಿ, ಐಸೋಪ್ರೊಪೈಲ್ ಆಲ್ಕೋಹಾಲ್ ಬಿಟ್ಟೆ. ಬರೀ ಪುಡಿ ತಾಮ್ರಕ್ಕೆ ಸರಿಯಾಗಿ ತಾಗಲ್ಲ, ಆಲ್ಕೋಹಾಲ್ ಮೈನಸ್ 78ರಲ್ಲೂ ಗಟ್ಟಿಯಾಗಲ್ಲ, ಚಳೀನ ತಳಕ್ಕೆ ಮುಟ್ಟಿಸತ್ತೆ. ಗೊಳಗೊಳ ಅಂತ ಕುದೀತು, ಬಿಳಿ ಹೊಗೆ ಟೇಬಲ್ ಅಂಚು ದಾಟಿ ನೆಲಕ್ಕೆ ಇಳೀತು. ಚಿಪ್ಪಿನೊಳಗಿನ ಸೆನ್ಸರ್ ಈ ಚಳೀಲಿ ನಂಬೋ ಹಾಗಿಲ್ಲ, ಪಾಟಿಗೆ ಚುಚ್ಚಿದ್ದ ಥರ್ಮೋಕಪಲ್ಲೇ (ಉಷ್ಣತೆ ಅಳೆಯೋ ತಂತಿ) ಗತಿ: ಮೈನಸ್ 20, ಮೈನಸ್ 50, ಮೈನಸ್ 71.

ಮಲ್ಟಿಪ್ಲೈಯರ್, ಅಂದ್ರೆ 200 ಮೆಗಾಹರ್ಟ್ಸ್‌ನ ಎಷ್ಟು ಪಟ್ಟು ಸ್ಪೀಡಲ್ಲಿ ಚಿಪ್ಪು ಓಡ್ಬೇಕು ಅನ್ನೋ ಸಂಖ್ಯೆ, ಅರ್ಧರ್ಧ ಏರಿಸ್ತಾ ಹೋದೆ. 29.5ಕ್ಕೆ ಅಂದ್ರೆ 5.9 ಗಿಗಾಹರ್ಟ್ಸ್‌ಗೆ ಕೆಡದೆ ಓಡ್ತಿತ್ತು, 30 ಹಾಕ್ದೆ, ಸ್ಕ್ರೀನ್ ಕಪ್ಪು. ಪವರ್ ತೆಗೆದು ಬೋರ್ಡ್ ತಿರುಗಿಸಿ ನೋಡಿದ್ರೆ ಸಾಕೆಟ್ ಹಿಂದೆ ಫೋಮಿನ ಜೋಡಣೆ ಹತ್ರ ಸಾಸಿವೆ ಕಾಳಿನಷ್ಟು ನೀರ ಹನಿ. ಎದೆ ಧಸಕ್ ಅಂತು. ಹೇರ್ ಡ್ರೈಯರ್ ಹಿಡಿದು, ಒಂದಿಡೀ ದಿನ ಫ್ಯಾನ್ ಕೆಳಗಿಟ್ಟು, ಸೋಮವಾರ ರಾತ್ರಿ ಸ್ವಿಚ್ ಒತ್ತಿದಾಗ ಬೂಟ್ ಆಯ್ತು, ಆ ಬೀಪ್ ಕೇಳಿ ಕಣ್ಣಲ್ಲಿ ನೀರು ಬಂತು.

ಆ ವಾರವೇ ಪಾಟ್ ತಗೊಂಡು ಮತ್ತೆ ಪೀಣ್ಯಕ್ಕೆ ಹೋದೆ, 5.9ರ ಫೋಟೋ ತೋರಿಸ್ದೆ. ಅಣ್ಣ ಫೋಟೋ ಒಂದು ಸಲ ನೋಡಿ, ಪಾಟೊಳಗೆ ಬೆರಳು ಹಾಕಿ ತೂತುಗಳನ್ನ ಸವರಿ, "ಇನ್ನಾರು ತೂತು ಬೀಳತ್ತೆ ಸಾರ್ ಇಲ್ಲಿ, ಬಿಟ್ಟೋಗಿ, ನಾಳೆ ಸಂಜೆ ಬನ್ನಿ" ಅಂದ್ರು.