ಗಾಲಿಕುರ್ಚಿಯೂ ಪೊಲೊನೇಸಿನ ಮೂರು ಎಣಿಕೆಯೂ: ಹನ್ನೊಂದನೆಯ ವಾರ

ಕ್ರಾಕೋವ್ ನಗರದ ನಮ್ಮ ಬಡಾವಣೆಯಲ್ಲಿ ಪ್ರತಿ ಶನಿವಾರ ಪೋಲಿಷ್ ಜಾನಪದ ನೃತ್ಯ ಕಲಿಯಲು ಸೇರುವ ಹದಿನಾಲ್ಕು ಮಕ್ಕಳಲ್ಲಿ ಇಬ್ಬರು ಗಾಲಿಕುರ್ಚಿಯಲ್ಲಿ ಬರುತ್ತಾರೆ, ಒಬ್ಬಳಿಗೆ ಕಿವಿ ಕೇಳಿಸುವುದಿಲ್ಲ, ಒಬ್ಬ ಹುಡುಗನಿಗೆ ಆಟಿಸಂ ಇದೆ. ಉಳಿದವರಲ್ಲಿ ನನ್ನ ಮಗಳೂ ಒಬ್ಬಳು. ಕಲಿಸುವವರು ಇಲ್ಲಿಯದೇ ಶಿಕ್ಷಕಿ. ನಾನು ಅವರ ನೆರವಿಗೆ ನಿಲ್ಲುತ್ತೇನೆ.

ಪೋಲೆಂಡಿನ ಐದು ರಾಷ್ಟ್ರೀಯ ನೃತ್ಯಗಳಲ್ಲಿ ನಾವು ಮೊದಲು ಎತ್ತಿಕೊಂಡದ್ದು ಪೊಲೊನೇಸ್. 2023ರಲ್ಲಿ ಅದು ಯುನೆಸ್ಕೋ ಪಟ್ಟಿಗೆ ಸೇರಿದ್ದು ಸಂತೋಷದ ಸಂಗತಿಯೇ, ಆದರೆ ನಮ್ಮ ಕಾರಣ ಬೇರೆ. ಶಾಲೆಯ ಅಂತಿಮ ಪರೀಕ್ಷೆಗೆ ಸುಮಾರು ನೂರು ದಿನಗಳಿರುವಾಗ ನಡೆಯುವ ಸ್ಟುಡ್‌ನ್ಯೂಫ್ಕಾ ಎಂಬ ಸಮಾರಂಭ ಇಲ್ಲಿ ಪೊಲೊನೇಸಿನಿಂದಲೇ ಆರಂಭವಾಗುವುದು ವಾಡಿಕೆಯಾದ್ದರಿಂದ, ಅಂದು ಈ ಮಕ್ಕಳಲ್ಲಿ ಯಾರೊಬ್ಬರೂ ಗೋಡೆಯ ಬದಿಗೆ ಕುಳಿತು ನೋಡುವಂತಾಗಬಾರದು ಎಂಬುದು ನಮ್ಮ ಆಸೆ.

ಜೋಡಿಜೋಡಿಯಾಗಿ ಸಾಲುಗಟ್ಟಿ ನಡೆಯುವುದೇ ಈ ನೃತ್ಯದ ಜೀವಾಳವಾದ್ದರಿಂದ ಗಾಲಿಗಳಿಗೆ ಸುಲಭವೆಂದು ಭಾವಿಸಿದ್ದೆವು. ಆರನೆಯ ವಾರ ನಮ್ಮ ತಪ್ಪು ಗೊತ್ತಾಯಿತು. ಜೊತೆಗಾತಿ ಕೈ ಹಿಡಿದೊಡನೆ ಗಾಲಿಕುರ್ಚಿಯ ಹುಡುಗನೊಬ್ಬನಿಗೆ ಗಾಲಿ ತಳ್ಳಲು ಒಂದೇ ಕೈ ಉಳಿಯಿತು. ಕುರ್ಚಿ ಮುಂದೆ ಸಾಗದೆ ಪಕ್ಕಕ್ಕೆ ತಿರುಗಿ ಹಿಂದಿನ ಜೋಡಿಗೆ ತಾಗಿತು. ಅವನ ಮುಖ ಕೆಂಪಾದದ್ದನ್ನು ಕಂಡು ನನಗೆ ಸಂಕಟವಾಯಿತು. ಬೇರೆಯವರು ಕುರ್ಚಿ ತಳ್ಳುವುದನ್ನು ಅವನು ಒಪ್ಪಲಿಲ್ಲ. ಅದು ಸರಿಯೂ ಹೌದು, ಏಕೆಂದರೆ ತಳ್ಳಿಸಿಕೊಂಡವನು ಕುಣಿದಂತಾಗುವುದಿಲ್ಲ. ಜೊತೆಗಾತಿ ತನ್ನ ಹೆಗಲ ಮೇಲೆ ಕೈಯಿಡಲಿ ಎಂದು ಅವನೇ ಸೂಚಿಸಿದ. ಶಿಕ್ಷಕಿ ಮರುಮಾತಾಡದೆ ಸಾಲಿನ ಎಲ್ಲ ಜೋಡಿಗಳಿಗೂ ಅದನ್ನೇ ನಿಯಮ ಮಾಡಿದರು.

ಆಮೇಲೆ ಹೆಜ್ಜೆಯೂ ತಾನಾಗಿ ಒದಗಿ ಬಂತು. ಪೊಲೊನೇಸಿನ ಮೂರು ಎಣಿಕೆಯಲ್ಲಿ ಒಂದಕ್ಕೆ ಅವನು ಎರಡೂ ಗಾಲಿಗಳನ್ನು ತಳ್ಳುತ್ತಾನೆ, ಎರಡು ಮತ್ತು ಮೂರಕ್ಕೆ ಕುರ್ಚಿ ತಾನೇ ಜಾರುತ್ತದೆ. ನಡೆಯುವ ಮಕ್ಕಳಿಗೆ ವಾರಗಟ್ಟಲೆ ಹೇಳಿದರೂ ಬಾರದಿದ್ದ ನಯವಾದ ಓಟ ಅವನ ಗಾಲಿಯಲ್ಲಿತ್ತು; ಈಗ ಅವರು ಅವನನ್ನು ನೋಡಿ ಹೆಜ್ಜೆ ತಿದ್ದಿಕೊಳ್ಳುತ್ತಿದ್ದಾರೆ. ಕೈಯೆತ್ತಿ ಸೇತುವೆ ಕಟ್ಟುವ ಭಂಗಿಯಲ್ಲಿ ಮಾತ್ರ ಕುರ್ಚಿಯಲ್ಲಿರುವವರ ಸೇತುವೆ ತಗ್ಗಾಗುತ್ತದೆ. ಜೋಡಿಯ ನಡುವೆ ಉದ್ದನೆಯ ಕೆಂಪು ವಸ್ತ್ರ ಹಿಡಿಸಿದ್ದೇವೆ. ನುಸುಳುವವರು ಸೊಂಟ ಬಗ್ಗಿಸಬೇಕು, ಮಕ್ಕಳೆಲ್ಲ ಕಾದು ನಿಲ್ಲುವುದು ಆ ಕ್ಷಣಕ್ಕೇ.

ಮುಂದಿನ ವಾರದಿಂದ ಆ ಐದರಲ್ಲಿ ಇನ್ನೊಂದಾದ ಎರಡೆಣಿಕೆಯ ನೃತ್ಯ, ಕ್ರಾಕೋವ್ಯಾಕ್. ಅದರ ಒತ್ತು ಎಣಿಕೆ ತಪ್ಪಿಸಿ ಬೀಳುವುದರಿಂದ ಡೋಲನ್ನು ಮರದ ನೆಲಕ್ಕೇ ತಾಗಿಸಿ ಇಟ್ಟು ನೋಡಿದೆವು. ಕಿವಿ ಕೇಳದ ಹುಡುಗಿ ಬೂಟು ಕಳಚಿ ನಿಂತು, ನಾಲ್ಕನೆಯ ಸಲಕ್ಕೆ ಒತ್ತು ಬಿದ್ದ ಕಡೆಯೇ ಪಾದ ಬಡಿದಳು. ಉಡುಪಿನ ಸೊಂಟಪಟ್ಟಿಯಲ್ಲಿ ಝಣಗುಟ್ಟುವ ಹಿತ್ತಾಳೆಯ ಬಳೆಗಳು ಆಟಿಸಂ ಇರುವ ಹುಡುಗನಿಗೆ ಹಿಂಸೆಯಾಗುತ್ತಿರುವುದರಿಂದ, ಅವುಗಳನ್ನು ಎಲ್ಲರ ಪಟ್ಟಿಯಿಂದಲೂ ಬಿಚ್ಚುವ ಕೆಲಸ ಈ ವಾರ ನನ್ನ ಪಾಲಿಗಿದೆ.